ವಿದ್ಯಾಳ ಮನೆಯ ಕ್ರೀಮಿನ ಡಬ್ಬಿ

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಶಿಗ್ಗಾಂವಿಯ ತನ್ನ ಫ್ಯಾನ್ಸಿ ಅಂಗಡಿಯಲ್ಲಿ ಹರಿಪ್ರಿಯಾ ಎರಡು ಬಗೆಯ ಮಾಯಿಶ್ಚರೈಸರ್ ಡಬ್ಬಿಗಳನ್ನು ಬೆಳಕಿಗೆ ಹಿಡಿದು ಹಿಂಬದಿಯ ಸಣ್ಣ ಅಕ್ಷರ ಓದುತ್ತಿದ್ದಳು. ಕೆಮಿಸ್ಟ್ರಿಯಲ್ಲಿ ಬಿಎಸ್ಸಿ ಮಾಡಿದ ಅವಳು, ಒಳಗೇನಿದೆ ಎಂದು ತಿಳಿಯದ ಯಾವುದನ್ನೂ ಮಾರುತ್ತಿರಲಿಲ್ಲ. ಒಂದರಲ್ಲಿ ಯೂರಿಯಾ ಇತ್ತು. ಒಡೆದ ಹಿಮ್ಮಡಿಗೆ ಒಳ್ಳೆಯದು, ಕೂಸಿಗೆ ಬೇಡ. ಇನ್ನೊಂದರಲ್ಲಿ ನೀರನ್ನು ಹಿಡಿದಿಡುವ ಗ್ಲಿಸರಿನ್, ಆ ನೀರು ಆರದಂತೆ ಮೇಲೆ ಮುಚ್ಚುವ ಪ್ಯಾರಾಫಿನ್, ಸುವಾಸನೆ ಇಲ್ಲ. ಹಿಂದಿನ ಓಣಿಯ ವಿದ್ಯಾಳಿಗೆ, ಚಳಿಗೆ ಬಿರಿದ ಮಗಳ ಕೆನ್ನೆಗೆಂದು, ಕಳೆದ ವಾರ ಕೊಟ್ಟದ್ದು ಇದನ್ನೇ.

ಅಷ್ಟರಲ್ಲಿ ವಿದ್ಯಾಳೇ ಓಡಿಬಂದಳು. ಕಂಕುಳಲ್ಲಿ ಕೂಸು ಉಸಿರು ಕಟ್ಟಿ ಅಳುತ್ತಿತ್ತು. ಕೆನ್ನೆಯೆಲ್ಲ ಕೆಂಪು. ಹಿಂದೆಯೇ ಅತ್ತೆ ಫಕ್ಕೀರವ್ವ, ಕೈಯಲ್ಲಿ ಆ ಡಬ್ಬಿ.

"ಏನ್ ಕೊಟ್ರಿ ಅಕ್ಕಾರ? ಹಚ್ಚಿದ ಕೂಡ್ಲೇ ಚೀರಾಕತ್ತೈತಿ!" ಎಂದಳು ವಿದ್ಯಾ.

"ಕಲ್ತವ್ರ ಅಂಗಡಿ ಅಂತ ಬಂದ್ವಿ," ಎಂದಳು ಫಕ್ಕೀರವ್ವ. "ನಮ್ಮ ಕೊಬ್ಬರಿ ಎಣ್ಣಿಗೆ ಏನ್ ರೋಗ ಬಂದಿತ್ತು?"

"ಕಣ್ಣಿಗೆ ಹತ್ತೇದೇನು ವಿದ್ಯಾ?"

"ಇನ್ನೂ ಇಲ್ರಿ. ತಿಕ್ಕೊಳ್ಳಾಕ ಹೊಂಟೈತಿ, ಕೈ ಹಿಡ್ಕೊಂಡೇನಿ."

ಹರಿಪ್ರಿಯಾ ಫಕ್ಕೀರವ್ವನ ಕೈಯ ಡಬ್ಬಿಯಿಂದ ಚೂರು ತೆಗೆದು ತನ್ನ ತುಟಿಗೆ ಹಚ್ಚಿಕೊಂಡಳು. ತುಟಿ ಚುರುಗುಟ್ಟಿತು. ಅಂಗಡಿಯ ಹೊಸ ಡಬ್ಬಿಯದನ್ನು ಇನ್ನೊಂದು ಬದಿಗೆ ಹಚ್ಚಿದಳು. ಏನೂ ಆಗಲಿಲ್ಲ. ಅವಳ ಕಣ್ಣು ಫಕ್ಕೀರವ್ವನ ಬೆರಳುಗಳ ಮೇಲೆ ನಿಂತಿತು. ಉಗುರಿನ ಸುತ್ತ ಸೀಳಿದ್ದವು.

"ಯವ್ವಾ, ಈ ಡಬ್ಬಿ ನೀವೂ ಹಚ್ಕೋತೀರೇನ್ರಿ?"

"ಮತ್ತ? ಮಂದಿಗೊಂದು ಡಬ್ಬಿ ಇಡಾಕ ನಾವೇನ್ ದೇಸಾಯರೇನ್ರಿ? ಮೆಣಸಿನಕಾಯಿ ತೊಟ್ಟು ಬಿಡಿಸಿ ಬಂದು, ಕೈ ತೊಳ್ಕೊಂಡ ಹಚ್ಕೋತೇನಿ."

"ಬರೇ ನೀರಾಗ?"

"ನೀರಾಗ ಅಲ್ದ ಮತ್ತೇನ್ ಹಾಲಾಗ ತೊಳ್ಕೊಳ್ಲ್ಯಾ?"

ಮೆಣಸಿನಕಾಯಿಯ ಖಾರ ನೀರಿಗೆ ಬಿಡುವುದಿಲ್ಲ, ಜಿಡ್ಡಿಗೆ ಬಿಡುತ್ತದೆ. ಫಕ್ಕೀರವ್ವ ಬೆರಳು ಅದ್ದಿದಾಗಲೆಲ್ಲ ಕ್ರೀಮು ಆ ಖಾರವನ್ನು ಎಳೆದುಕೊಂಡಿತ್ತು.

ಹರಿಪ್ರಿಯಾ ಅರಳೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ, ಕಣ್ಣಿನ ಕಡೆಯಿಂದ ಹೊರಕ್ಕೆ ಮೆಲ್ಲಗೆ ಒರೆಸಿದಳು. ಅದನ್ನು ಬಿಸಾಕಿ ಮತ್ತೊಂದು ತೆಗೆದಳು. ಕೂಸು ಕೊಸರಾಡಿ ಒಂದು ಮುಷ್ಟಿ ಬಿಡಿಸಿಕೊಂಡಿತು. ಫಕ್ಕೀರವ್ವ ಅದನ್ನು ಹಿಡಿಯಲು ಕೈ ಚಾಚಿದಳು.

"ಮುಟ್ಟಬ್ಯಾಡ್ರಿ!" ಎಂದು ಹರಿಪ್ರಿಯಾ ಕೂಗಿದಳು.

ಫಕ್ಕೀರವ್ವನ ಕೈ ಗಾಳಿಯಲ್ಲೇ ನಿಂತಿತು. ವಿದ್ಯಾ ಮುಷ್ಟಿಯನ್ನು ಕಣ್ಣಿನಂಚಿನಲ್ಲೇ ಹಿಡಿದಳು. ಕೂಸಿನ ಸಾಬೂನಿನ ನೀರಲ್ಲಿ, ಆಮೇಲೆ ಬರೀ ನೀರಲ್ಲಿ ಒರೆಸಿದ ಮೇಲೆ ಅಳು ಬಿಕ್ಕಿಗೆ ಇಳಿಯಿತು.

"ಈಗಿಂದೀಗ ಡಾಕ್ಟರ್‌ಗೆ ತೋರ್ಸು. ಆಟೋ ಕರೀತೀನಿ."

ಫಕ್ಕೀರವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಬಾಗಿಲಲ್ಲೇ ಉಳಿದಿದ್ದಳು. ಹರಿಪ್ರಿಯಾ ಅವನ್ನು ಹೊರಗೆಳೆದು ಅಂಗೈಗೆ ಎಣ್ಣೆ ಸುರಿದಳು. "ಇದನ್ನ ತಿಕ್ಕಿ ಒರಸ್ರಿ, ಆಮ್ಯಾಲೆ ಸಾಬೂನು. ಕಡೀಗೆ ನಿಮ್ಮ ಕೊಬ್ಬರಿ ಎಣ್ಣಿನ ಬೇಕಾತು ನೋಡ್ರಿ."

ಮಧ್ಯಾಹ್ನ ವಿದ್ಯಾ ಫೋನ್ ಮಾಡಿದಳು. ಕಣ್ಣಿಗೇನೂ ಆಗಿಲ್ಲ, ಕೂಸು ಮಲಗಿದೆ. ಹರಿಪ್ರಿಯಾ ಫೋನ್ ಇಟ್ಟಳು. ಸ್ಟೂಲಿನ ಮೇಲೆ ಕುಳಿತು, ಅವರು ಬಿಟ್ಟುಹೋದ ಆ ಡಬ್ಬಿಯನ್ನು ತಿರುಗಿಸಿ ನೋಡಿದಳು. ಮಾರಿದ ದಿನ, ಒಳಗೆ ಏನೇನು ಹಾಕಿದ್ದಾರೆ ಎಂದು ವಿದ್ಯಾ ಕೇಳಿದಾಗ, ಹಿಂಬದಿಯ ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು ತೋರಿಸಿ ತಾನೇ ಇಡೀ ಅಂಗಡಿಗೆ ಕೇಳುವಂತೆ ಹೇಳಿದ್ದಳು: "ಹೆದರಬ್ಯಾಡ, ಇದರಾಗ ಇರೋದು ಒಂಬತ್ತ ಸಾಮಾನು, ಹತ್ತನೇದು ಏನೂ ಇಲ್ಲ."