ಹೂವಿನ ಮೇಲೆ ಹೊರಿಸಿದ ನಾತ

ನನ್ನ ತಮ್ಮ ಗಾಜಿನಮನೆಯ ಮಾಲಿ. ಇಪ್ಪತ್ತಾರು ವರ್ಷ ಏಣಿ ಹತ್ತಿ, ಮರದ ತುಂಡುಗಳಿಗೆ ಆರ್ಕಿಡ್ ಕಟ್ಟಿ, ನೀರು ಚಿಮುಕಿಸಿ ಬದುಕಿದವನು. ಮದುವೆ ಬೇಡವೆಂದು ನನ್ನ ಜೊತೆಗೇ ಈ ಎರಡು ಕೋಣೆಯ ಮನೆಯಲ್ಲಿ ಉಳಿದುಬಿಟ್ಟ. ಅವನಿಗೆ ಪ್ರೀತಿ ಹುಟ್ಟಿದ್ದಾದರೂ ಯಾವುದರ ಮೇಲೆ? ಬಲ್ಬೊಫಿಲಮ್ ಎಂಬ ಆರ್ಕಿಡ್ ಕುಲದ ಮೇಲೆ. ಅದಕ್ಕೆ ಮಣ್ಣು ಬೇಡ, ಮರ ಸಿಕ್ಕರೆ ಅಂಟಿಕೊಂಡು ಬದುಕುತ್ತದೆ. ಅದರಲ್ಲಿ ಕೆಲವು ಹೂಗಳು ನೊಣಗಳನ್ನು ಕರೆಯಲು ಕೊಳೆತ ಮಾಂಸದ ನಾತ ಬಿಡುತ್ತವೆ. ಥೂ! ಹೂವೆಂದರೆ ಮೂಸುವಂತಿರಬೇಕಪ್ಪ.

ನೋಡಲು ಬಂದವರು ದೂರು ಕೊಟ್ಟರೆಂದು ಅಂಥದ್ದೊಂದು ಗಿಡವನ್ನು ಎಸೆಯಲು ಮೇಲ್ವಿಚಾರಕ ಹೇಳಿದ. ಇವನು ಅದನ್ನು ಮನೆಗೆ ತಂದು ಬಚ್ಚಲಿನ ಕಿಟಕಿಗೆ ನೇತುಹಾಕಿದ. ಹಸಿಮಾಂಸದ ಬಣ್ಣದ ಹೂವು, ಮೇಲೆ ರೋಮ ಬೇರೆ. ಊಟಕ್ಕೆ ಕೂರುವ ಮೊದಲು ಬಚ್ಚಲಿನ ಬಾಗಿಲು ಎಳೆದುಹಾಕುತ್ತಿದ್ದೆ.

"ಲೋ, ಇದು ಮನೆಯೋ ಕಸಾಯಿಖಾನೆಯೋ?"

"ನಾಲ್ಕು ದಿನ ತಡ್ಕೋ ಅಕ್ಕ, ಬಾಡುತ್ತೆ."

ಅದೇ ವಾರ ಗಾಜಿನಮನೆಯಲ್ಲಿ ಅವನ ಎಡಗಾಲಿಗೆ ತಂತಿ ಚುಚ್ಚಿತು. ಅವನಿಗೆ ಸಕ್ಕರೆ ಕಾಯಿಲೆ. ಗಾಯ ಕೊಳೆತರೆ ಪಾದವೇ ಹೋಗುತ್ತದೆ, ದಿನಾ ಬಂದು ಕಟ್ಟು ಬದಲಾಯಿಸಿಕೋ ಎಂದು ಡಾಕ್ಟರು ಗದರಿಸಿದ್ದರು. ಎರಡು ದಿನ ಹೋಗಿಬಂದ. ಆಮೇಲೆ ನಾನು ಕೇಳಿದಾಗಲೆಲ್ಲ "ಒಣಗ್ತಾ ಇದೆ" ಎಂದ. ಮನೆಯೊಳಗೂ ಕಾಲುಚೀಲ ಬಿಚ್ಚುತ್ತಿರಲಿಲ್ಲ. ಯಾಕೋ ಅಂದರೆ, ಚಳಿ ಅಂತೆ.

ನಾಲ್ಕು ದಿನ ಹೋಗಿ ಹದಿನೈದಾಯಿತು. ನಾತ ಕಡಿಮೆಯಾಗುವ ಬದಲು ಹೆಚ್ಚಿತು. ಬಚ್ಚಲಿಗೆ ಹೋದರೆ ಮೂಗಿಗೆ ಟವೆಲು ಒತ್ತಿಕೊಂಡು, ಕಿಟಕಿಯ ಕಡೆ ತಿರುಗಿಯೂ ನೋಡದೆ ಓಡಿಬರುತ್ತಿದ್ದೆ. ಬೆಳಗ್ಗೆ ಎದ್ದರೆ ಹೂವಿಗೆ ಶಾಪ, ಸಂಜೆಯೂ ಶಾಪ. ಅವನು ತುಟಿಪಿಟಕ್ ಎನ್ನಲಿಲ್ಲ. ಗಿಡಕ್ಕೆ ಯಾರಾದರೂ ಕೈ ತಾಗಿಸಿದರೆ ಮೈಮೇಲೆ ಏರಿಬರುತ್ತಿದ್ದ ಆಸಾಮಿ! ಸದ್ಯ, ಬುದ್ಧಿ ಬಂತಲ್ಲ ಅಂದುಕೊಂಡೆ.

ಭಾನುವಾರ ನನ್ನ ತಲೆ ಕೆಟ್ಟಿತು. ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಮರದ ತುಂಡಿನ ಸಮೇತ ಅದನ್ನು ಕಿತ್ತು ಬೀದಿಯ ಕಸದ ತೊಟ್ಟಿಗೆ ಎಸೆದೆ. ಫಿನಾಯಿಲ್ ಸುರಿದು ಇಡೀ ಮನೆ ತಿಕ್ಕಿದೆ. ಮಧ್ಯಾಹ್ನ ಊಟಕ್ಕೆ ಕೂತೆವು. ನಾತ ಹಾಗೇ ಇತ್ತು! ನೊಣಗಳು ತಟ್ಟೆಯ ಹತ್ತಿರ ಸುಳಿಯದೆ ಮೇಜಿನ ಕೆಳಗೆ ಗುಂಯ್‌ಗುಡುತ್ತಿದ್ದವು. ಬಗ್ಗಿ ನೋಡಿದೆ. ಅವನ ಎಡಗಾಲಿನ ಚೀಲ ಒದ್ದೆಯಾಗಿತ್ತು.

ಹಿಡಿದು ಎಳೆದೆ. ಚೀಲದ ಜೊತೆ ಚರ್ಮವೂ ಬಂತು. ಬೆರಳುಗಳು ಕಪ್ಪಾಗಿದ್ದವು. ಅಲ್ಲೇ ವಾಂತಿ ಮಾಡಿಕೊಂಡೆ.

"ಕಾಲು ತೆಗೆದ್ರೆ ಏಣಿ ಹತ್ತೋದು ಹೇಗಕ್ಕ? ತಾನಾಗೇ ವಾಸಿಯಾಗುತ್ತೆ ಅನ್ಕೊಂಡೆ," ಎಂದ, ತಲೆ ತಗ್ಗಿಸಿಕೊಂಡು. "ಹೂವು ಬಾಡಿ ಹತ್ತು ದಿನ ಆಯ್ತು. ನೀನು ಅದನ್ನೇ ಬೈತಿದ್ದೆ. ನಾನೂ ಸುಮ್ಮನಿದ್ದೆ."

ಪಾದ ತೆಗೆದರು. ಬಂದವರೆಲ್ಲ ಅವನನ್ನು ಹೆಡ್ಡ ಎಂದು ಬೈದು ಹೋಗುತ್ತಾರೆ. ಬೈಯಲಿ, ಹೆಡ್ಡನೇ ಅವನು. ನನಗೆ ಹೇಸಿಗೆಯಾಗುವುದು ನನ್ನ ಮೂಗನ್ನು ನೆನೆದರೆ. ಆ ಹದಿನೈದು ದಿನಗಳಲ್ಲಿ ಒಂದೇ ಒಂದು ಸಲ ಹೂವಿನ ಹತ್ತಿರ ಹೋಗಿ ಮೂಸಿದ್ದರೆ ಸಾಕಿತ್ತು.