ಕೋಚ್ ಸಾಹೇಬರ ಸೋಫಾ

ಸೋಫಾ ಮೇಸ್ತ್ರಿಯ ಕೈಕೆಲಸಕ್ಕೆ ಹೆಸರಿಡುವವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಹೆಸರಿಡುತ್ತಿದ್ದುದು ಅವನ ಮಾತಿಗೆ. "ಮುಂದಿನ ವಾರ ಬನ್ನಿ" ಎಂದು ಅವನು ಹೇಳಿದರೆ, ಅದು ಯಾವ ತಿಂಗಳ ಮುಂದಿನ ವಾರ ಎಂದು ಕೇಳಿಕೊಂಡು ಹೋಗುವುದು ಬುದ್ಧಿವಂತರ ಲಕ್ಷಣ.

ಹಾಗೆಂದು ಅವನು ಮೋಸಗಾರನೂ ಅಲ್ಲ, ಸೋಮಾರಿಯೂ ಅಲ್ಲ. ಹರಿದ ಬಟ್ಟೆ ಬದಲಿಸಿ ಕೊಡು ಎಂದು ಯಾರಾದರೂ ಕುರ್ಚಿ ತಂದಿಟ್ಟರೆ, ಬಟ್ಟೆ ಬಿಚ್ಚಿದ ಮೇಲೆ ಒಳಗಿನ ಸ್ಪ್ರಿಂಗು ಅವನ ಕಣ್ಣಿಗೆ ಬೀಳುತ್ತಿತ್ತು. ಸ್ಪ್ರಿಂಗು ತೆಗೆದರೆ ಕೆಳಗಿನ ಪಟ್ಟಿ ಸಡಿಲ. ಪಟ್ಟಿ ಕಿತ್ತರೆ ಮರದ ಚೌಕಟ್ಟಿನ ಮೂಲೆಯಲ್ಲಿ ಬಿರುಕು. ಕಂಡದ್ದನ್ನು ಕಾಣದ ಹಾಗೆ ಮುಚ್ಚಿ ಮೇಲೊಂದು ಹೊಸ ಬಟ್ಟೆ ಹೊದಿಸುವುದು ಅವನ ಜಾಯಮಾನಕ್ಕೆ ಒಗ್ಗುತ್ತಿರಲಿಲ್ಲ. ಹೀಗಾಗಿ ಅಂಗಡಿಯ ತುಂಬ ಚರ್ಮ ಸುಲಿದ ಸೋಫಾಗಳು ಪಕ್ಕೆಲುಬು ತೋರಿಸಿಕೊಂಡು ನಿಂತಿರುತ್ತಿದ್ದವು. ಸಂಜೆಯಾದರೆ ಅವುಗಳ ಮೇಲೆಯೇ ಹಲಗೆ ಹಾಕಿಕೊಂಡು ಹರಟುವ ಜನ ಸೇರುತ್ತಿತ್ತು.

ಹರಟೆಗೆ ವಿಷಯ ಒಂದೇ, ಊರಿನ ಬ್ಯಾಸ್ಕೆಟ್‌ಬಾಲ್ ಟೀಮು. ಎರಡು ವರ್ಷದ ಹಿಂದೆ ಕ್ಲಬ್ಬಿನವರು ಹಳೆಯ ಆಟಗಾರರನ್ನೆಲ್ಲ ಕಳಿಸಿ, ಮೀಸೆ ಸರಿಯಾಗಿ ಮೂಡದ ಹುಡುಗರನ್ನು ತಂದು, ಹೊಸ ಕೋಚನ್ನು ನೇಮಿಸಿದ್ದರು. ಬುಡದಿಂದ ಕಟ್ಟೋಣ, ಮೂರು ವರ್ಷ ಕೊಡಿ ಎಂದು ಕೋಚು ಮೊದಲ ದಿನವೇ ಹೇಳಿದ್ದ. ಅಂದಿನಿಂದ ಟೀಮು ನಿಯಮ ತಪ್ಪದೆ ಸೋಲುತ್ತಿತ್ತು.

ಮೇಸ್ತ್ರಿ ಕೋಚಿನ ಪಕ್ಷ. ಎದುರು ಪಕ್ಷಕ್ಕೆ ನಾಯಕಿ ಅವನ ಅತ್ತೆ. ಆಕೆ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಹೆಡ್ ನರ್ಸ್ ಆಗಿ ನಿವೃತ್ತಿಯಾದವರು, ಮಗಳ ಮನೆಯಲ್ಲೇ ಇದ್ದರು. ಬೇಸರ ಕಳೆಯಲೆಂದು ಮಗಳು ಒಮ್ಮೆ ಅವರನ್ನು ಗಂಡನ ಜೊತೆ ಮ್ಯಾಚಿಗೆ ಕಳಿಸಿದ್ದಳು. ಕಳಿಸಿದ್ದೇ ತಪ್ಪಾಯಿತು. ಈಗ ಯಾವ ಹುಡುಗನ ಮಂಡಿ ಯಾವ ಹವೆಯಲ್ಲಿ ನೋಯುತ್ತದೆ ಎಂಬುದೂ ಅವರಿಗೆ ಗೊತ್ತಿತ್ತು. ಅಳಿಯನನ್ನು ಬೈಯುವಾಗಲೂ ಬಹುವಚನ ಬಿಡದ ಹೆಂಗಸು.

"ನೋಡಿ ಅಳಿಯಂದ್ರೆ, ಕೊನೇ ಐದು ನಿಮಿಷ ಬಂತು ಅಂದ್ರೆ ಈ ಹುಡುಗರು ದಿಕ್ಕೆಟ್ಟ ಕೋಳಿಗಳ ಥರ ಓಡಾಡ್ತಾರೆ. ಆಡಿ ಪಳಗಿದವನು ಒಬ್ಬನಾದ್ರೂ ಬೇಡ್ವಾ? ಮೊದಲು ಆ ಕೋಚನ್ನ ಮನೆಗೆ ಕಳಿಸ್ಬೇಕು."

"ಪಳಗಿದವನು ಇದ್ರೆ ಹುಡುಗರು ಬಾಲನ್ನ ಅವನ ಕೈಗೆ ಕೊಟ್ಟು ಸುಮ್ನೆ ನಿಂತ್ಬಿಡ್ತಾರೆ ಅತ್ತೆ. ಆಮೇಲೆ ಕಲಿಯೋದು ಯಾವಾಗ? ಇನ್ನೊಂದೆರಡು ವರ್ಷ ತಡೀರಿ."

"ಮೇಸ್ತ್ರಿ ಎರಡು ಅಂದ್ರೆ ನಾಲ್ಕು ಅಂತ ಲೆಕ್ಕ ಇಟ್ಕೊಳ್ಳಿ ಅಮ್ಮ," ಎಂದ ಪಕ್ಕದ ಕನ್ನಡಕದ ಅಂಗಡಿಯವನು. ಅವನ ಕುರ್ಚಿಯೊಂದು ಅಲ್ಲೇ ಮೂಲೆಯಲ್ಲಿ ಕಾಲು ಮೇಲೆ ಮಾಡಿಕೊಂಡು ಬಿದ್ದಿತ್ತು.

"ಇವರ ಸೋಫಾನೂ ಅವನ ಟೀಮೂ ಒಂದೇ ದಿನ ತಯಾರಾಗೋದು ಬಿಡಪ್ಪ," ಎಂದರು ಅತ್ತೆ. "ನೋಡೋಕೆ ನಾನಿರ್ತೀನೋ ಇಲ್ವೋ."

ಎಲ್ಲರೂ ನಕ್ಕರು. ಮೇಸ್ತ್ರಿ ಬಾಯಲ್ಲಿ ಮೊಳೆ ಕಚ್ಚಿಕೊಂಡಿದ್ದರಿಂದ ನಗಲಿಲ್ಲ. ಸೋತ ಹುಡುಗರು ತಲೆ ತಗ್ಗಿಸಿ ಬೆಂಚಿಗೆ ಬಂದಾಗ ಕೋಚು ಬೈಯದೆ ಒಬ್ಬೊಬ್ಬನಿಗೂ ಟವೆಲ್ಲು ಎತ್ತಿ ಕೊಡುವುದನ್ನು ಅವನು ನೋಡಿದ್ದ. ಇವನೂ ನನ್ನಂಥವನೇ ಎಂದು ಅವನಿಗೆ ಅನ್ನಿಸಿತ್ತು.

ಹೀಗಿರುವಾಗ ಒಂದು ಸಂಜೆ ಅಂಗಡಿಯ ಬಾಗಿಲಿಗೆ ಒಬ್ಬ ಉದ್ದನೆಯ ಮನುಷ್ಯ ಬಂದು, ಅರ್ಧ ಇಳಿಸಿದ್ದ ಷಟರಿನ ಕೆಳಗೆ ಬಗ್ಗಿ ಒಳಗೆ ಬಂದ. ನೆಟ್ಟಗೆ ನಿಂತಾಗ ಕೋಚು.

ಕನ್ನಡಕದವನು ತಟ್ಟನೆ ಎದ್ದು ಜಾಗ ಬಿಟ್ಟುಕೊಟ್ಟು, "ಟೀಮು ಬಹಳ ಚೆನ್ನಾಗಿ ಆಡ್ತಾ ಇದೆ ಸಾರ್," ಎಂದ. ಹಿಂದಿನ ಶನಿವಾರವಷ್ಟೇ ಟೀಮು ಹೇಳಿಕೊಳ್ಳಲಾಗದ ಹಾಗೆ ಸೋತು ಬಂದಿತ್ತು. ಅತ್ತೆ ಮಾತ್ರ ಕೂತಲ್ಲಿಂದ ಅಲುಗಾಡಲಿಲ್ಲ.

"ನಮ್ಮ ಮನೆಯವರು ಇಲ್ಲೊಂದು ಸೋಫಾ ಕೊಟ್ಟಿದ್ರಂತೆ. ನೀಲಿದು," ಎಂದ ಕೋಚು. "ಸೀಸನ್ ಶುರುವಾಗೋಕೂ ಮುಂಚೆ."

ಮೇಸ್ತ್ರಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ಆ ನೀಲಿ ಸೋಫಾದ ಎಲುಬಿನ ಮೇಲೆಯೇ ಅತ್ತೆ ಕೂತಿದ್ದರು.

"ಸಾರ್, ಅದು... ಚೌಕಟ್ಟೇ ಹೋಗ್ಬಿಟ್ಟಿತ್ತು. ಬುಡದಿಂದ ಕಟ್ತಾ ಇದ್ದೀನಿ. ಸ್ವಲ್ಪ ತಾಳ್ಮೆ ಇಟ್ಕೊಂಡ್ರೆ..."

"ತಾಳ್ಮೆಗೂ ಒಂದು ಮಿತಿ ಬೇಡ್ವೇನ್ರಿ? ಬಟ್ಟೆ ಬದಲಾಯಿಸಿ ಅಂತ ಕೊಟ್ಟಿದ್ದು. ಇಷ್ಟು ದಿನದಿಂದ ನೆಲದ ಮೇಲೆ ಕೂತು ಟಿವಿ ನೋಡ್ತಾ ಇದ್ದೀವಿ. ನನ್ನ ಕಾಲುದ್ದ ನೋಡಿ. ಒಂದ್ಸಲ ಕೂತ್ರೆ ಎಬ್ಬಿಸೋಕೆ ಇಬ್ಬರು ಬೇಕು."

ಅತ್ತೆ ಮೊದಲು ಕೆಮ್ಮಿದರು, ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಕೇಳಿಸ್ತಾ ಅಳಿಯಂದ್ರೆ? ನಾನು ಎರಡು ವರ್ಷದಿಂದ ಇದನ್ನೇ ಹೇಳ್ತಾ ಇದ್ದೀನಿ. ನಿಮಗಲ್ಲ, ಇವರಿಗೆ."

ಕೋಚು ಒಂದು ಕ್ಷಣ ಕಕ್ಕಾಬಿಕ್ಕಿಯಾದ. ತಾನೇ ಆಡಿದ ಮಾತು ತಿರುಗಿ ತನ್ನ ಕಿವಿಗೆ ಬಿದ್ದಾಗ ಕಿವಿ ಕೆಂಪಾಯಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಅಲ್ಲಿದ್ದ ಇನ್ನೊಂದು ಅಸ್ಥಿಪಂಜರದ ಮೇಲೆ ಕೂತ. ಟೀ ಬಂತು. ನಮ್ಮ ಅಳಿಯಂದಿರು ಮಾತ್ರ ಮೊದಲಿಂದ ನಿಮ್ಮ ಪಕ್ಷವೇ ಎಂದು ಅತ್ತೆ ದೂರು ಹೇಳಿದರು. ಕೊನೆಯ ಐದು ನಿಮಿಷಕ್ಕೆ ಏನು ಮಾಡುತ್ತೀರಿ ಎಂದು ಅತ್ತೆ ಪಟ್ಟು ಹಿಡಿದರು. ಕೋಚು ಮೊಳೆಗಳನ್ನೇ ಹಲಗೆಯ ಮೇಲೆ ಜೋಡಿಸಿ ಯಾವ ಹುಡುಗ ಎಲ್ಲಿ ನಿಲ್ಲಬೇಕೆಂದು ವಿವರಿಸಿದ. ಅತ್ತೆ ಒಂದು ಮೊಳೆ ಎತ್ತಿ ಬೇರೆ ಕಡೆ ಇಟ್ಟರು. ಅವನು ಅದನ್ನು ಮತ್ತೆ ಮೊದಲಿನ ಜಾಗಕ್ಕೆ ತಂದ. ಇಬ್ಬರೂ ಸೋಲಲಿಲ್ಲ. ಸೋಫಾ ಯಾವತ್ತು ಸಿಗುತ್ತದೆ ಎಂದು ಕೇಳುವುದನ್ನೇ ಮರೆತು ಕೋಚು ಹೊರಟುಹೋದ.

ತಿಂಗಳು ಕಳೆದಿರಲಿಲ್ಲ, ಕನ್ನಡಕದವನು ಒಂದು ಬೆಳಗ್ಗೆ ಸುದ್ದಿ ತಂದ. ಕ್ಲಬ್ಬಿನವರು ಕೋಚನ್ನು ತೆಗೆದಿದ್ದಾರೆ, ಭಾನುವಾರ ಸಂಸಾರ ಸಮೇತ ಊರು ಬಿಡುತ್ತಾನಂತೆ.

ಅತ್ತೆ ಕುಣಿದಾಡುತ್ತಾರೆ ಎಂದುಕೊಂಡಿದ್ದ ಮೇಸ್ತ್ರಿ. ಅವರು ಟೀ ಲೋಟ ಕೆಳಗಿಟ್ಟು, "ಸೀಸನ್ ಮಧ್ಯದಲ್ಲಿ ಹೀಗೆ ಮಾಡ್ಬಾರ್ದಿತ್ತು," ಎಂದರು.

"ನೀವೇ ತಾನೆ ಅತ್ತೆ, ತೆಗೀರಿ ತೆಗೀರಿ ಅಂತಿದ್ದಿದ್ದು?"

"ನಾನು ಹೇಳಿದೆ ಅಂತ ಮಾಡೇ ಬಿಡೋದಾ? ಇಷ್ಟು ವರ್ಷ ನಾನು ಹೇಳಿದ್ದು ಯಾರು ಕೇಳಿದ್ರು?"

ಅಂದು ಮೇಸ್ತ್ರಿ ಹರಟೆಗೆ ಬಂದವರನ್ನೆಲ್ಲ ಹೊರಗೆ ಕಳಿಸಿ ನೀಲಿ ಸೋಫಾವನ್ನು ನಡುವಿಗೆ ಎಳೆದುಕೊಂಡ. ಹೆಂಡತಿ ಊಟವನ್ನು ಅಂಗಡಿಗೇ ತಂದಳು. ಬಟ್ಟೆ ಎಳೆದು ಹಿಡಿಯಲು ಅತ್ತೆಯೇ ನಿಂತರು. ಬ್ಯಾಂಡೇಜು ಸುತ್ತಿ ಪಳಗಿದ ಕೈ, ಒಂದೇ ಒಂದು ಸುಕ್ಕು ಬೀಳಲು ಬಿಡಲಿಲ್ಲ. ಕೊನೆಗೆ ಕೈಯಿಡುವ ಹಲಗೆಯೊಳಗೆ ಒಂದು ಜೋಡಣೆ ಅಲುಗಿದಂತೆ ಕಂಡು ಮೇಸ್ತ್ರಿಯ ಕೈ ನಿಂತಿತು. ಅತ್ತೆ ಅವನ ಮುಖ ನೋಡಿದರು. "ಬಿಚ್ಚೋದಾದ್ರೆ ಬಿಚ್ಚಿ. ಆದ್ರೆ ಇವತ್ತೇ ಮುಗಿಸಿ." ಅವನು ಬಿಚ್ಚಿದ, ಬಿಗಿ ಮಾಡಿದ, ಅಂದೇ ಮುಗಿಸಿದ. ಶನಿವಾರ ಸೋಫಾ ಟೆಂಪೋ ಏರಿದಾಗ ಬೀದಿಯವರು ಅಂಗಡಿಗಳಿಂದ ಹೊರಗೆ ಬಂದು ನಿಂತು ನೋಡಿದರು.

ಕೋಚಿನ ಮನೆಯಲ್ಲಿ ಗೋಡೆಗಳೆಲ್ಲ ಬೋಳಾಗಿದ್ದವು, ಕಟ್ಟಿದ ರಟ್ಟಿನ ಪೆಟ್ಟಿಗೆಗಳು ನಿಂತಿದ್ದವು. ಸೋಫಾವನ್ನು ಬರಿದಾದ ಕೋಣೆಯ ನಡುವೆ ಇಳಿಸಿದರು. ಕೋಚು ಕೂತು, ಕಾಲು ಚಾಚಿ, ಬೆನ್ನು ಒರಗಿಸಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ. "ಚೆನ್ನಾಗಿದೆ," ಎಂದ. ಆಮೇಲೆ, "ಬಹಳ ಚೆನ್ನಾಗಿದೆ."

ಟೆಂಪೋದ ಮುಂದಿನ ಸೀಟಿನಲ್ಲಿ ಕೂತು ಜೊತೆಗೇ ಬಂದಿದ್ದ ಅತ್ತೆಗೆ ಸುಮ್ಮನಿರಲಾಗಲಿಲ್ಲ. "ನಿಮ್ಮನ್ನ ಕಳಿಸಿ ಅಂತ ಕೂಗಿದವರಲ್ಲಿ ನಾನೂ ಒಬ್ಬಳು. ಹೇಳ್ದೆ ಹೋದ್ರೆ ನನಗೆ ಸಮಾಧಾನ ಇಲ್ಲ."

"ಗೊತ್ತಮ್ಮ. ನಿಮ್ಮ ದನಿ ಬೆಂಚಿನ ತನಕ ಬರ್ತಿತ್ತು." ಕೋಚು ಮೇಸ್ತ್ರಿಯ ಕಡೆ ತಿರುಗಿದ. "ನೀವು ನಮ್ಮ ಕಡೆ ಅಂತ ಮಾತ್ರ ಆವತ್ತು ಅಂಗಡೀಲೇ ಗೊತ್ತಾಗಿದ್ದು. ನಿಮ್ಮ ದನಿ ಒಂದು ದಿನಾನೂ ಕೇಳಿಸಿರಲಿಲ್ಲ."

ಕುಹಕವಿಲ್ಲದ ಮಾತು ಅದು. ಆದರೂ ಮನೆಗೆ ಬರುವ ದಾರಿಯುದ್ದಕ್ಕೂ ಮೇಸ್ತ್ರಿಯನ್ನು ಚುಚ್ಚುತ್ತಿತ್ತು. ಎರಡು ವರ್ಷ ಎರಡನೇ ಸಾಲಿನಲ್ಲಿ ಕೈಕಟ್ಟಿ ಕೂತು ಮನಸ್ಸಿನಲ್ಲೇ ಬೆಂಬಲ ಕೊಟ್ಟಿದ್ದ. ಬೈಯುವವರಿಗೆ ಗಂಟಲಿತ್ತು, ಇವನಿಗೆ ಬರೀ ಅಭಿಪ್ರಾಯವಿತ್ತು.

ಮುಂದಿನ ಸೀಸನ್‌ಗೆ ಹೊಸ ಕೋಚು ಬಂದ. ಆಡಿ ಪಳಗಿದವನೊಬ್ಬನನ್ನೂ ತಂದ. ಹುಡುಗರು ಅವರೇ. ಟೀಮು ಆಗೊಮ್ಮೆ ಈಗೊಮ್ಮೆ ಗೆಲ್ಲತೊಡಗಿತು. ಎಲ್ಲ ಹೊಸಬನ ಕೈಗುಣ ಎಂದು ಕನ್ನಡಕದವನು ಸಾರುತ್ತಿದ್ದ. "ಬಿತ್ತಿದವನು ಒಬ್ಬ, ಕೊಯ್ದವನು ಇನ್ನೊಬ್ಬ," ಎಂದು ಅವನ ಬಾಯಿ ಮುಚ್ಚಿಸುತ್ತಿದ್ದವರು, ಯಾರು ನಂಬುತ್ತಾರೋ ಬಿಡುತ್ತಾರೋ, ಅತ್ತೆ. ಅಂಗಡಿಯಲ್ಲಿ ಬೇರೇನೂ ಬದಲಾಗಿರಲಿಲ್ಲ.

ಮೊದಲ ದೊಡ್ಡ ಮ್ಯಾಚಿನ ಕೊನೆಯ ಗಳಿಗೆಯಲ್ಲಿ, ಇದ್ದುದರಲ್ಲೇ ಚಿಕ್ಕವನೊಬ್ಬ ಎರಡು ಫ್ರೀ ಥ್ರೋ ಹಾಕಲು ನಿಂತ. ಜನ ಉಸಿರು ಬಿಗಿಹಿಡಿದಿದ್ದರು. ಆಗ ಎರಡನೇ ಸಾಲಿನಿಂದ, ಕೂಗಿ ಅಭ್ಯಾಸವಿಲ್ಲದ ಒಂದು ಗಂಟಲು ಒಡೆದ ದನಿಯಲ್ಲಿ ಹೇಳಿತು: "ಹೋದ್ರೂ ಪರವಾಗಿಲ್ಲ ಕಣೋ, ಹಾಕು."

ಇಡೀ ಮೈದಾನಕ್ಕೆ ಕೇಳಿಸಿತು. ಹುಡುಗ ಬೆಚ್ಚಿ ತಿರುಗಿ ನೋಡಿದ, ಫಕ್ಕನೆ ನಕ್ಕ, ಬಾಲು ಹಾಕಿದ. ಅದು ಬುಟ್ಟಿಯ ಕಬ್ಬಿಣದ ಬಳೆಗೆ ಬಡಿದು ಹೊರಗೆ ಬಿತ್ತು.

ಸುತ್ತಲಿನವರು ಹಲ್ಲು ಕಡಿದರು. ಅತ್ತೆ ಅಳಿಯನ ಅಂಗಿಯ ತುದಿ ಹಿಡಿದು ಎಳೆದು ಕೂರಿಸಿದರು.

"ಅಳಿಯಂದ್ರೆ, ಬಾಲ್ ಹಾಕೋವಾಗ ಅಲ್ಲ. ಹಾಕಿದ ಮೇಲೆ ಕೂಗ್ಬೇಕು," ಎಂದರು ಮೆಲ್ಲಗೆ, ವಾರ್ಡಿನಲ್ಲಿ ಹೊಸ ನರ್ಸಿಗೆ ಸೂಜಿ ಹಿಡಿಯಲು ಕಲಿಸುವ ದನಿಯಲ್ಲಿ. "ಇನ್ನೊಂದು ಥ್ರೋ ಇದೆ. ನಾನು ಮೊಣಕೈಯಲ್ಲಿ ತಿವೀತೀನಿ, ಆಗ ಶುರು ಮಾಡಿ."