ಕೊಡೆಗೆ ಹೆದರುವ ಗುಂಡಣ್ಣನಿಗೊಂದು ಮನೆ

ಕೇರಳದ ತ್ರಿಪ್ಪುಣಿತ್ತುರದ ಒಂದು ಓಣಿಯಲ್ಲಿ ಕಳೆದ ಮಳೆಗಾಲ ಒಂದು ವಿಚಿತ್ರ ನಡೆಯುತ್ತಿತ್ತು. ಜೋರು ಮಳೆಯಲ್ಲಿ ಕೊಡೆ ಹಿಡಿದು ಬಂದ ಜನ ಅನಸೂಯಾಳ ಮನೆಯ ಹತ್ತಿರ ಬರುತ್ತಿದ್ದಂತೆ ಅದನ್ನು ಮಡಚಿ ಕಂಕುಳಲ್ಲಿ ಇರುಕಿಕೊಳ್ಳುತ್ತಿದ್ದರು. ತಲೆಯ ಮೇಲೆ ಚೀಲವನ್ನೋ ಕೈಯನ್ನೋ ಇಟ್ಟುಕೊಂಡು ಓಡುತ್ತಿದ್ದರು. ಓಣಿಯ ತಿರುವು ದಾಟಿದ ಮೇಲೆ ಮತ್ತೆ ಬಿಚ್ಚುತ್ತಿದ್ದರು. ಕೆಲವರು ಓಡುತ್ತಲೇ ಬೈಯುತ್ತಿದ್ದರು, ಆದರೆ ಕೊಡೆಯನ್ನಂತೂ ಮಡಚುತ್ತಿದ್ದರು. ಅನಸೂಯಾಳನ್ನು ಕಂಡರೆ ಆ ಓಣಿಗೆ ಅಷ್ಟು ಪ್ರೀತಿ, ಅಥವಾ ಅಷ್ಟು ಭಯ.

ಇದಕ್ಕೆಲ್ಲ ಕಾರಣ ಪಕ್ಕದ ಖಾಲಿ ಸೈಟಿನಲ್ಲಿದ್ದ ಕುದುರೆ. ದಪ್ಪ ಮೂಳೆಯ, ಅಗಲ ಗೊರಸಿನ, ಬೆಲ್ಲದ ಬಣ್ಣದ ಗಂಡು. ಮದುವೆಗಳಿಗೆ ಸಾರೋಟು ಬಾಡಿಗೆಗೆ ಕೊಡುವವನೊಬ್ಬನ ಬಳಿ ವರ್ಷಗಟ್ಟಲೆ ಎಳೆದದ್ದು. ಎರ್ನಾಕುಲಂನ ಒಂದು ಮದುವೆಯಲ್ಲಿ ಯಾರೋ ಅದರ ಮೂತಿಯ ಮುಂದೆಯೇ ಫಟ್ಟೆಂದು ಕೊಡೆ ಬಿಚ್ಚಿದರು. ಕುದುರೆ ಬೆದರಿತು, ಸಾರೋಟು ಮಗುಚಿತು. ಮದುಮಗ ಮಾಲೆ ಹರಿದುಕೊಂಡು ಪಾರಾದ, ಕುದುರೆಗೆ ಮಾತ್ರ ಚಾವಟಿಯ ಏಟು ಬಿದ್ದವು. ಪ್ರಾಣಿಗಳನ್ನು ಕಾಪಾಡುವ ಗುಂಪಿನವರು ಅದನ್ನು ಬಿಡಿಸಿ ತಂದರು. ಆ ಗುಂಪಿನ ಪಶುವೈದ್ಯೆ ಸುಮಯ್ಯಾ, "ನಾಲ್ಕು ದಿನ ಇಲ್ಲಿ ಕಟ್ಟಿರ್ತೀನಿ ಚೇಚ್ಚಿ, ಸ್ವಲ್ಪ ಕಣ್ಣಿಟ್ಟಿರಿ" ಎಂದು ಅನಸೂಯಾಳಿಗೆ ಹೇಳಿದ್ದಳು; ಚೇಚ್ಚಿ ಎಂದರೆ ಇಲ್ಲಿಯವರ ಬಾಯಲ್ಲಿ ಅಕ್ಕ. ಆಮೇಲೆ ಬೇಸಿಗೆ ಮುಗಿದು ಮಳೆಯೇ ಹಿಡಿದುಕೊಂಡಿತು.

ಅನಸೂಯಾ ಮೈಸೂರಿನವಳು. ಅಂಬಲಮುಗಳಿನ ರಿಫೈನರಿಯಲ್ಲಿ ಕೆಲಸ ಮಾಡುವ ನಟರಾಜನನ್ನು ಮದುವೆಯಾಗಿ ಇಲ್ಲಿಗೆ ಬಂದವಳು. ಮೊದಲ ವರ್ಷ ತೆಂಗಿನೆಣ್ಣೆಯ ವಾಸನೆಗೆ ಮೂಗು ಮುಚ್ಚಿ ಅತ್ತಿದ್ದಳಂತೆ. ಈಗ ತವರಿಗೆ ಹೋದರೆ, ಒಗ್ಗರಣೆಗೆ ತೆಂಗಿನೆಣ್ಣೆ ಯಾಕಿಲ್ಲ ಎಂದು ಅತ್ತಿಗೆಯ ಜೊತೆ ಜಗಳಕ್ಕೆ ನಿಲ್ಲುತ್ತಾಳೆ. ಮಗಳು ಮಹತಿ ಕನ್ನಡದಲ್ಲಿ ಬೈಸಿಕೊಂಡು ಮಲಯಾಳದಲ್ಲಿ ಎದುರುತ್ತರ ಕೊಡುವವಳು. ಕಾಸರಗೋಡಿನಿಂದಲೂ ಕರ್ನಾಟಕದಿಂದಲೂ ಓದಲು ಬಂದ ಹುಡುಗ ಹುಡುಗಿಯರಿಗೆ ಅನಸೂಯಾ ಮನೆಯಲ್ಲೇ ಊಟ ಹಾಕುತ್ತಾಳೆ. ಹೊಸದಾಗಿ ಬಂದವರು ಮೊದಲ ವಾರ ತಟ್ಟೆ ನೋಡುತ್ತ ಕೂತಿರುತ್ತಾರೆ. "ತಿನ್ನು, ತಿನ್ನು" ಎಂದು ಅವಳು ಒತ್ತಾಯಿಸುವುದಿಲ್ಲ. ಬಡಿಸಿ, ಬೆನ್ನು ತಿರುಗಿಸಿ, ಒಲೆಯ ಕಡೆ ಮುಖ ಮಾಡಿ ಏನಾದರೂ ಮಾತಾಡುತ್ತಾಳೆ. ಊರಿನ ನೆನಪಾಗಿ ಕಣ್ಣೊರೆಸಿಕೊಳ್ಳುವವರು ಒರೆಸಿಕೊಳ್ಳುತ್ತಾರೆ. ಅವಳು ಸಾರು ಬೇಕೇ ಎಂದು ಕೇಳಲು ತಿರುಗುವ ಹೊತ್ತಿಗೆ ತಟ್ಟೆ ಖಾಲಿಯಾಗಿರುತ್ತದೆ.

ಕುದುರೆಗೂ ಅವಳು ಹಾಗೆಯೇ ಮಾಡಿದಳು. ಯಾರಾದರೂ ನೋಡುತ್ತಿದ್ದರೆ ಅದು ಬಾಯಿಗೆ ಹುಲ್ಲು ಹಾಕುತ್ತಿರಲಿಲ್ಲ. ಅನಸೂಯಾ ಬೇಯಿಸಿದ ಹುರುಳಿಯ ಬಕೆಟ್ ಇಟ್ಟು, ಬೆನ್ನು ಮಾಡಿ ಕಲ್ಲಿನ ಮೇಲೆ ಕೂತು, ಸೊಪ್ಪು ಬಿಡಿಸುತ್ತ ಓಣಿಯ ಸುದ್ದಿಯೆಲ್ಲ ಹೇಳಿದಳು. ಬೆನ್ನ ಹಿಂದೆ ಮೊದಲು ಮೂಸುವ ಸದ್ದು, ಆಮೇಲೆ ಅಗಿಯುವ ಸದ್ದು. ಒಂದು ದಿನ ಬೆಚ್ಚನೆಯ ಮೂತಿ ಅವಳ ಹೆಗಲ ಮೇಲೆ ಬಂದು ಕೂತು, ಮಡಿಲಲ್ಲಿದ್ದ ದಂಟಿನ ಸೊಪ್ಪಿಗೆ ಬಾಯಿ ಹಾಕಿತು. ಅಂದೇ ಅವಳು ಅದಕ್ಕೆ ಗುಂಡಣ್ಣ ಎಂದು ಹೆಸರಿಟ್ಟಳು.

ಸೈಟಿನವರು ಓಣಂ ಮುಗಿಯುತ್ತಿದ್ದಂತೆ ಮನೆಗೆ ಪಾಯ ತೆಗೆಯುವವರಿದ್ದರು. ಅಷ್ಟರೊಳಗೆ ಗುಂಡಣ್ಣನಿಗೆ ಒಂದು ಮನೆ ಸಿಗಬೇಕು. ಸಿಗದಿದ್ದರೆ ಮತ್ತೆ ಸಾರೋಟೇ ಗತಿ; ಇನ್ನೊಬ್ಬ ಸಾರೋಟಿನವನು ಆಗಲೇ ಬಂದು ಗುಂಡಣ್ಣನ ಹಲ್ಲು ನೋಡಿ ಹೋಗಿದ್ದ. ಗುಂಪಿನ ಬಳಿ ಬೇರೆ ಜಾಗವಿರಲಿಲ್ಲ. ಕೊಡೆಯಿಲ್ಲದ ಮನೆಯನ್ನು ಕೇರಳದಲ್ಲಿ, ಅದೂ ಮಳೆಗಾಲದಲ್ಲಿ, ಎಲ್ಲಿಂದ ಹುಡುಕುವುದು?

ಆದರೂ ಗುಂಪಿನವರು ಎಲ್ಲ ಕಡೆ ಸುದ್ದಿ ಹಬ್ಬಿಸಿ ಹುಡುಕಿದರು. ಬಂದವರೆಲ್ಲ ಗೇಟಿನಲ್ಲೇ ಕೊಡೆ ಒಪ್ಪಿಸಿ, ತೊಯ್ದುಕೊಂಡು ಒಳಗೆ ಬರಬೇಕು. ಅನಸೂಯಾ ಅವರಿಗೆ ಟವೆಲ್ಲು ಕೊಟ್ಟು, ಕಾಫಿ ಕೊಟ್ಟು, ಆಮೇಲೆ ತಕರಾರು ತೆಗೆಯುವಳು. ಹಿನ್ನೀರಿನ ದಂಡೆಯ ರೆಸಾರ್ಟಿನ ಯಜಮಾನ ಪ್ರವಾಸಿಗಳ ಫೋಟೊಗೆ ಕುದುರೆ ಬೇಕೆಂದ. "ಫೋಟೊಗೆ ಮರದ ಕುದುರೆ ನಿಲ್ಲಿಸಿ, ಹುರುಳಿಯೂ ಉಳಿಯುತ್ತೆ" ಎಂದು ಕಳಿಸಿದಳು. ಶಾಲೆಯೊಂದರವರು ಬಂದರು. ಶಾಲೆ ಬಿಡುವ ಹೊತ್ತಿಗೆ ಒಟ್ಟಿಗೆ ಬಿಚ್ಚಿಕೊಳ್ಳುವ ಮಕ್ಕಳ ಕೊಡೆಗಳನ್ನು ನೆನೆದು ಅವಳೇ ಬೇಡವೆಂದಳು. ಇನ್ನೊಬ್ಬರ ಮನೆ ಚೆನ್ನಾಗಿತ್ತು, ಮನೆಯಾತನ ದನಿ ಜೋರಾಯಿತು. ಮತ್ತೊಬ್ಬರ ದನಿ ಮೆತ್ತಗಿತ್ತು, ನಾಯಿಯ ದನಿ ಜೋರಾಯಿತು.

"ಅಲ್ಲ ಕಣೇ," ನಟರಾಜ ಕೇಳಿದ, "ನೀನು ಕುದುರೆಗೆ ಮನೆ ಹುಡುಕ್ತಿದ್ದೀಯೋ, ಕಳಿಸದೆ ಇರೋಕೆ ನೆವ ಹುಡುಕ್ತಿದ್ದೀಯೋ?"

"ನಿಮಗೇನ್ರೀ ಗೊತ್ತು? ಸುಮ್ನೆ ಪೇಪರ್ ಓದಿ."

ನಟರಾಜ ಪೇಪರ್ ಎತ್ತಿಕೊಂಡ. ಅನಸೂಯಾ ಒಳಗೆ ಹೋಗಿ ಬೇಯುತ್ತಿದ್ದ ಹುರುಳಿಯನ್ನು ಬೇಕಿಲ್ಲದಿದ್ದರೂ ಕಲಕಿದಳು. ಅವನು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಆ ಅರ್ಧವೇ ಅವಳನ್ನು ಚುಚ್ಚಿತು. ಇನ್ನು ಮುಂದೆ ಕುಂಟು ತಕರಾರು ತೆಗೆಯಬಾರದು ಎಂದುಕೊಂಡಳು.

ಆ ವಾರವೇ ತಿರುವನಂತಪುರದಿಂದ ಎರಡು ಫೋನು ಬಂದವು. ಒಂದು, ಪೋತ್ತನ್‌ಕೋಡಿನ ಕಲ್ಯಾಣಿಯದು. ಒಂಟಿ ಹೆಂಗಸು. ಸಾಕಿದ ಎತ್ತು ಮುದಿಯಾಗಿ ಸತ್ತ ಮೇಲೆ ಕೊಟ್ಟಿಗೆ ಬಣಗುಡುತ್ತಿದೆ, ಕುದುರೆಯನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ ಎಂದಳು. ದನಿ ಹಿತವಾಗಿತ್ತು.

"ಏನು ಕೆಲಸ ಮಾಡ್ತೀರಿ, ಚೇಚ್ಚಿ?"

"ದೇವಸ್ಥಾನದ ಕೊಡೆ ಹೊಲಿಯೋದು. ಆನೆ ಮೇಲೆ ಹಿಡೀತಾರಲ್ಲ, ಆ ದೊಡ್ಡ ರೇಷ್ಮೆ ಕೊಡೆಗಳು."

ಅನಸೂಯಾಳಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು, ಅವನಿಗೆ ಕೊಡೆ ಕಂಡರೇ ಭಯ, ಕ್ಷಮಿಸಿ ಎಂದು ಹೇಳಿ ಫೋನಿಟ್ಟಳು. ಇಟ್ಟ ಮೇಲೆ, ಆ ಹೆಂಗಸು ನಗಲಿಲ್ಲ ಎಂಬುದು ನೆನಪಾಗಿ ಮುಖ ಬಿಸಿಯಾಯಿತು.

ಎರಡನೆಯದು ಉಪೇಂದ್ರ ಅವರದು. ತುಮಕೂರಿನ ಕಡೆಯವರು. ಬಾಹ್ಯಾಕಾಶ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದು ನಿವೃತ್ತರಾಗಿ, ಶ್ರೀಕಾರ್ಯಂನ ಹತ್ತಿರ ದೊಡ್ಡ ಕಾಂಪೌಂಡಿನ ಮನೆಯಲ್ಲಿ ಹೆಂಡತಿ ಪ್ರೇಮರ ಜೊತೆ ಇದ್ದರು. "ಕೊಡೆ ತಾನೆ ಅನಸೂಯಮ್ಮ? ಇವತ್ತೇ ಎಲ್ಲ ಕೊಡೆ ಮೂಟೆ ಕಟ್ಟಿ ಪಕ್ಕದ ಮನೆಗೆ ಕೊಟ್ಬಿಡ್ತೀನಿ. ಇನ್ಮೇಲೆ ರೇನ್‌ಕೋಟು!"

ಅನಸೂಯಾಳ ಮನಸ್ಸು ಕರಗಿತು. ಹುಲ್ಲು, ನೆರಳು, ನೀರು ಎಲ್ಲವನ್ನೂ ಕೇಳಿದಳು. ಆದರೆ ಕೇಳುವ ಮೊದಲೇ ಅವಳು ಒಪ್ಪಿಯಾಗಿತ್ತು. "ನಮ್ಮವರು ಕಣ್ರೀ," ಎಂದಳು ಗಂಡನಿಗೆ. "ಬಿಸಿಬೇಳೆ ಬಾತು ಮಾಡೋ ಮನೆ. ಅಲ್ಲಿ ಇವನನ್ನ ಗುಂಡಣ್ಣ ಅಂತ ಸರಿಯಾಗಿ ಕರೀತಾರೆ."

"ಕುದುರೆಗೂ ಕನ್ನಡ ಸಂಘ ಬೇಕಾ ಅಮ್ಮ?" ಮಹತಿ ಮಲಯಾಳದಲ್ಲೇ ಕೇಳಿ ಏಟು ತಪ್ಪಿಸಿಕೊಂಡು ಓಡಿದಳು.

ನಸುಕಿನಲ್ಲಿ ವ್ಯಾನು ಹೊರಟಿತು. ಸುಮಯ್ಯಾಳೇ ಓಡಿಸುತ್ತಿದ್ದಳು. ಹಿಂದೆ ಗುಂಡಣ್ಣ, ಮುಂದೆ ಅನಸೂಯಾ, ಅವಳ ಮಡಿಲಲ್ಲಿ ಗಂಡನ ಮನೆಗೆ ಹೊರಟ ಮಗಳಿಗೆ ಕಟ್ಟಿದಂತೆ ಬೆಲ್ಲ, ಕ್ಯಾರೆಟ್ಟು, ಹುರುಳಿ. ಆಲಪ್ಪುಳ ದಾಟುವವರೆಗೂ ಅವಳು ಹಿಂದಿನ ಕಿಂಡಿಯತ್ತ ತಿರುಗಿ ಮಾತಾಡುತ್ತಲೇ ಇದ್ದಳು. "ಚೇಚ್ಚಿ, ಒಂದ್ ಸಲ ನನ್ನ ಕಡೆಗೂ ನೋಡಿ ಮಾತಾಡಿ, ನಂಗೂ ಬೇಜಾರಾಗಿದೆ" ಎಂದಳು ಸುಮಯ್ಯಾ.

ಉಪೇಂದ್ರರ ಕಾಂಪೌಂಡು ಹೇಳಿದ್ದಕ್ಕಿಂತ ಚೆಲುವಾಗಿತ್ತು. ಹಲಸಿನ ಮರ, ಮೊಣಕಾಲೆತ್ತರದ ಹುಲ್ಲು, ಹಕ್ಕಿಯ ದನಿ ಬಿಟ್ಟರೆ ಸದ್ದಿಲ್ಲ. ಜಿಟಿಜಿಟಿ ಮಳೆ. ಗುಂಡಣ್ಣ ಇಳಿದು ನಿಂತು ಗಾಳಿ ಮೂಸಿದ. ಅನಸೂಯಾಳ ಕಣ್ಣು ತುಂಬಿತು.

ಆಗ ಮನೆಯ ಬಾಗಿಲು ತೆರೆದು ಗಂಡಹೆಂಡತಿ ಇಬ್ಬರೂ ಹೊರಬಂದರು, ಹೊಚ್ಚಹೊಸ ಹಳದಿ ರೇನ್‌ಕೋಟಿನಲ್ಲಿ. ಹೆಜ್ಜೆ ಇಟ್ಟರೆ ಚರಪರ, ಕೈ ಎತ್ತಿದರೆ ಪರಪರ. ಗುಂಡಣ್ಣನ ಕಿವಿ ಹಿಂದಕ್ಕೆ ಮಲಗಿದವು. "ಓಹೋ, ಇದಕ್ಕೂ ಹೆದರ್ತಾನಾ? ತೆಗೆದ್ಬಿಡ್ತೀನಿ ತಾಳಿ" ಎಂದು ಉಪೇಂದ್ರರು ಗುಂಡಿಗಳನ್ನು ಟಪ್ ಟಪ್ ಟಪ್ಪೆಂದು ಕಿತ್ತು, ಎರಡೂ ಕೈ ಅಗಲಿಸಿ ಕೋಟನ್ನು ರೆಕ್ಕೆಯಂತೆ ಬಿಚ್ಚಿದರು.

ಅಷ್ಟೇ. ಗುಂಡಣ್ಣ ಹಿಂಗಾಲಲ್ಲಿ ನಿಂತ, ತಿರುಗಿದ, ಹೂವಿನ ಕುಂಡಗಳನ್ನು ತುಳಿದು, ಇಳಿಸಲು ಹಾಕಿದ್ದ ಹಲಗೆ ಏರಿ ವ್ಯಾನಿನೊಳಗೆ ನುಗ್ಗಿ ಮೂಲೆಗೆ ಮುಖ ಮಾಡಿ ನಡುಗುತ್ತ ನಿಂತ.

"ಅದು ಕೊಡೆಯಲ್ಲಪ್ಪ, ಕೋಟು!" ಉಪೇಂದ್ರರು ವ್ಯಾನಿನ ಕಡೆಗೆ ಕೂಗಿ ಹೇಳಿದರು.

"ನಿಮ್ಮ ರಾಕೆಟ್ಟಿಗೆ ಹೇಳಿದ ಹಾಗೆ ಅವನಿಗೆ ಹೇಳ್ಬೇಡಿ, ಒಳಗೆ ಬನ್ನಿ" ಎಂದರು ಪ್ರೇಮ.

ಬೆಲ್ಲ ತೋರಿಸಿದರೂ, ಬೆನ್ನು ತಿರುಗಿಸಿ ಕೂತರೂ ಗುಂಡಣ್ಣ ಇಳಿಯಲಿಲ್ಲ. ಇವತ್ತೇ ವಾಪಸ್ಸು ಅಷ್ಟು ದೂರ ನಿಂತುಕೊಂಡು ಬರಲಾರ ಎಂದಳು ಸುಮಯ್ಯಾ. ವ್ಯಾನಿನ ಬಾಗಿಲು ಹಾಕುತ್ತ, "ಒಂದು ರಾತ್ರಿಗೆ ಕೇಳಿ ನೋಡಿ, ಆ ಕಲ್ಯಾಣಿಯವರ ಪೋತ್ತನ್‌ಕೋಡ್ ಇಲ್ಲೇ ಹತ್ತಿರ" ಎಂದಳು.

"ಯಾವ ಮುಖ ಇಟ್ಕೊಂಡು ಕೇಳ್ಲಿ? ನಕ್ಕುಬಿಟ್ಟಿದ್ದೆ ಕಣೇ."

"ಈಗ ಅಳ್ತಾ ಕೇಳಿ, ಸರಿಹೋಗುತ್ತೆ."

ಅನಸೂಯಾ ಫೋನು ಮಾಡಿ ಕೇಳಿದಳು. "ಬನ್ನಿ ಚೇಚ್ಚಿ. ಆದರೆ ಮೊದಲೇ ಹೇಳ್ತೀನಿ, ರಿಪೇರಿಗೆ ಬಂದ ಕೊಡೆಗಳೆಲ್ಲ ತೊಯ್ದಿದ್ದವು. ಅಂಗಳದ ಚಪ್ಪರದಡಿ ಬಿಚ್ಚಿಟ್ಟಿದ್ದೀನಿ. ಈಗ ಮಡಚಿದರೆ ರೇಷ್ಮೆ ಕಲೆಯಾಗುತ್ತೆ. ಅವನ ಗಾಡಿ ಗೇಟಿನ ಹೊರಗೇ ನಿಲ್ಲಲಿ, ಹುಲ್ಲು ಅಲ್ಲಿಗೇ ತರ್ತೀನಿ."

ಕಲ್ಯಾಣಿ ಸಣಕಲು ಹೆಂಗಸು. ಬೆರಳ ತುದಿಗಳೆಲ್ಲ ಸೂಜಿ ಚುಚ್ಚಿ ಗಟ್ಟಿಯಾಗಿದ್ದವು. ಅನಸೂಯಾ ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಅವಳ ಕೈಗೆ ಬಿಸಿ ಚಹಾ ಬಂತು. ಹೊಸ್ತಿಲಲ್ಲಿ ನಿಂತು ಅನಸೂಯಾ ಅಂಗಳ ನೋಡಿದಳು. ಕೆಂಪು, ಹಸಿರು, ಅರಿಶಿನ, ನೇರಳೆ. ಜರಿಯ ಅಂಚು, ಜೋತುಬಿದ್ದ ಕುಚ್ಚುಗಳು. ಒಂದೊಂದೂ ಸಣ್ಣ ಗುಡಿಸಿಲಿನಷ್ಟು ದೊಡ್ಡದು. ಯಾರಿಗೂ ಹೆದರದವನೂ ಒಮ್ಮೆ ಬೆದರಬೇಕು, ಹಾಗಿತ್ತು.

ಗಾಳಿಯಾಡಲೆಂದು ಸುಮಯ್ಯಾ ವ್ಯಾನಿನ ಹಿಂಬಾಗಿಲು ತೆರೆದಿದ್ದಳು. ಹಲಗೆಯ ಮೇಲೆ ಗೊರಸಿನ ಸದ್ದಾಯಿತು.

"ಹಿಡೀರಿ!" ಎಂದಳು ಅನಸೂಯಾ. ಆದರೆ ಕೈಯಲ್ಲಿ ಬಿಸಿ ಚಹಾ ಇತ್ತು. ಗುಂಡಣ್ಣ ಗೇಟಿನೊಳಗೆ ಬಂದ. ಕತ್ತು ಚಾಚಿ ಮೊದಲ ಕೊಡೆಯ ಕುಚ್ಚನ್ನು ಮೂಸಿದ, ಸೀನಿದ. ಎರಡನೆಯದರ ಕೋಲಿಗೆ ಕೆನ್ನೆ ಉಜ್ಜಿದ. ಹೊರಗೆ ಮಳೆ ಬಿರುಸಾಯಿತು. ಚಪ್ಪರದ ಅಂಚಿನಿಂದ ನೀರು ಸೋರಲು ಶುರುವಾದಾಗ, ಅವನು ಇನ್ನೂ ಒಳಕ್ಕೆ ಸರಿದು, ಎಲ್ಲಕ್ಕಿಂತ ದೊಡ್ಡ ಕೆಂಪು ಕೊಡೆಯಡಿ ನಿಂತು ಒಂದು ಕಾಲು ಸಡಿಲಿಸಿದ.

ಅನಸೂಯಾಳಿಗೆ ಮೆಲ್ಲಗೆ ಹೊಳೆಯಿತು. ಅವನು ಕೊಡೆಗೆ ಹೆದರಿದ್ದೇ ಅಲ್ಲ. ಇದ್ದಕ್ಕಿದ್ದಂತೆ ಅಗಲವಾಗುವುದಕ್ಕೆ, ಫಟ್ಟೆನ್ನುವುದಕ್ಕೆ ಹೆದರಿದ್ದ. ಬಿಚ್ಚಿ ನಿಂತ ಕೊಡೆ ಅವನಿಗೆ ಮರವಿದ್ದಂತೆ. ಇಡೀ ಮಳೆಗಾಲ ಓಣಿಯವರನ್ನೆಲ್ಲ ತೋಯಿಸಿದ ತಾನು ಇದನ್ನು ಒಮ್ಮೆಯೂ ಯೋಚಿಸಲಿಲ್ಲವಲ್ಲ!

"ಚೇಚ್ಚಿ, ಇವನ್ನ ಹೇಗೆ ಬಿಚ್ತೀರಿ?"

"ಇಷ್ಟು ದೊಡ್ಡದನ್ನ ಎಲ್ಲಿ ಥಟ್ಟನೆ ಬಿಚ್ಚೋಕಾಗುತ್ತೆ? ಒಂದೊಂದೇ ಕಡ್ಡಿ ಸರಿಮಾಡ್ತಾ, ಮಗುವಿನ ಬಟ್ಟೆ ಬಿಚ್ಚಿದ ಹಾಗೆ."

ಉಪೇಂದ್ರರು ಹಿಂದೆಯೇ ಕಾರಿನಲ್ಲಿ ಬಂದಿದ್ದರು, ಈ ಸಲ ಬರೀ ಷರ್ಟಿನಲ್ಲಿ. ಗುಂಡಣ್ಣನನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟರು. "ಏನಮ್ಮ ಇದು, ನಮ್ಮೋರ ಮನೆ ಬಿಟ್ಟು ಕೊಡೆಯೋರ ಮನೆಗೆ ಬಂದ್ಬಿಟ್ನಲ್ಲ!"

"ಅವನಿಗೆ ಅವನೋರು ಸಿಕ್ಕಿದ್ರು ಸಾರ್" ಎಂದಳು ಅನಸೂಯಾ. ಈ ಸಲ ಅವಳಿಗೆ ತಕರಾರು ತೆಗೆಯಲು ಏನೂ ಸಿಗಲಿಲ್ಲ. ಹುಡುಕಲಂತೂ ಹುಡುಕಿದಳು. ಕೊಟ್ಟಿಗೆಯ ನೆಲ ಮುಟ್ಟಿ ನೋಡಿದಳು, ಬಾವಿಯ ನೀರು ಕುಡಿದಳು, ಕಲ್ಯಾಣಿ ಹುಲ್ಲು ಇಟ್ಟು ಏನು ಮಾಡುತ್ತಾಳೆಂದು ಓರೆಗಣ್ಣಲ್ಲಿ ಕಾದಳು. ಕಲ್ಯಾಣಿ ಹುಲ್ಲಿಟ್ಟು ಸೂಜಿಗೆ ದಾರ ಪೋಣಿಸುತ್ತ ಕೂತಳು, ಕುದುರೆಯತ್ತ ನೋಡಲೇ ಇಲ್ಲ. ಅಗಿಯುವ ಸದ್ದು ಬಂತು.

ಹೊರಡುವಾಗಲೂ ಮಳೆ ಬಿಟ್ಟಿರಲಿಲ್ಲ. "ತೊಯ್ದುಕೊಂಡು ಹೋಗ್ಬೇಡಿ" ಎಂದು ಕಲ್ಯಾಣಿ ಒಳಗಿನಿಂದ ಒಂದು ಸಾದಾ ಕರಿ ಕೊಡೆ ತಂದುಕೊಟ್ಟಳು. ಅನಸೂಯಾ ಅದನ್ನು ಕೈಯಲ್ಲಿ ಹಿಡಿದು ಗುಂಡಣ್ಣನ ಕಡೆ ನೋಡಿದಳು. ತಿಂಗಳುಗಳಿಂದ ಅವಳು ಕೊಡೆ ಮುಟ್ಟಿರಲಿಲ್ಲ. ಗುಂಡಿ ಒತ್ತಲಿಲ್ಲ. ಹೆಬ್ಬೆರಳಿನಿಂದ ತಡೆಯುತ್ತ, ಸದ್ದಿಲ್ಲದೆ, ಒಂದೊಂದೇ ಮಡಿಕೆ ಬಿಡಿಸುತ್ತ ಮೇಲಕ್ಕೆ ಸರಿಸಿದಳು. ಗುಂಡಣ್ಣ ತಲೆಯೆತ್ತಿದ, ಕಿವಿ ನಿಮಿರಿಸಿದ, ಬಾಯಿಯಲ್ಲಿದ್ದ ಹುಲ್ಲನ್ನು ಹಾಗೆಯೇ ಹಿಡಿದು ನೋಡಿದ. ಕೊಡೆ ಪೂರ್ತಿ ಅರಳಿತು.

ಅವನು ಹುಲ್ಲು ಅಗಿಯತೊಡಗಿದ.

ಅನಸೂಯಾ ಕೊಡೆ ಹಿಡಿದು ಗೇಟು ದಾಟಿದಳು. ವ್ಯಾನು ತಲುಪುವಷ್ಟರಲ್ಲಿ ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ಸುಮಯ್ಯಾಳಿಗೆ ತಿಳಿಯಲಿಲ್ಲ.

"ಏನಾಯ್ತು, ಚೇಚ್ಚಿ?"

"ಏನಿಲ್ಲ ಮಗಳೇ, ಹಸಿವಾಗ್ತಿದೆ. ಎಲ್ಲಾದ್ರೂ ನಿಲ್ಲಿಸು, ಹೊಟ್ಟೆ ತುಂಬ ಊಟ ಮಾಡೋಣ."